ಉಸಿರಿನ ಅಳತೆ: ಶ್ವಾಸಕೋಶದ ಪರೀಕ್ಷೆ ಏಕೆ ಬೇಕು?

ಮಳೆಗಾಲ ಕಳೆದು ಅಡಿಕೆ ಬೇಯಿಸುವ, ಭತ್ತ ಒಕ್ಕುವ ಕಾಲ ಬಂತೆಂದರೆ ಜಡೆ, ಸೊರಬ, ಶಿಕಾರಿಪುರ ಸೀಮೆಯಿಂದ ನಮ್ಮಲ್ಲಿಗೆ ಬರುವವರಲ್ಲಿ ಉಬ್ಬಸದವರೇ ಹೆಚ್ಚು. ಒಲೆಯ ಹೊಗೆ, ಹೊಟ್ಟಿನ ಧೂಳು, ಬೆಳಗಿನ ಇಬ್ಬನಿ ಮೂರೂ ಒಟ್ಟುಗೂಡುವ ಕಾಲವದು. ಚರಕಾಚಾರ್ಯರು ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯದಲ್ಲಿ ಶ್ವಾಸರೋಗಕ್ಕೆ ಹೇಳಿದ ಕಾರಣಗಳಲ್ಲಿ ಧೂಳು, ಹೊಗೆ, ಶೀತಲ ಸ್ಥಳ ಇವೆಲ್ಲ ಸೇರಿವೆ. ಅವರು ಹೇಳಿದ ಐದು ಬಗೆಯ ಶ್ವಾಸಗಳಲ್ಲಿ ತಮಕಶ್ವಾಸವೇ ನಮ್ಮ ಜನರ ಉಬ್ಬಸಕ್ಕೆ ಸಮೀಪವಾದುದು.

ನಾಡಿಯಿಂದ ದೋಷಗಳ ಗತಿ ತಿಳಿದೀತು, ಎದೆಗೆ ಕಿವಿಗೊಟ್ಟರೆ ಸುಂಯ್ ಎಂಬ ಸದ್ದು ಕೇಳೀತು. ಆದರೆ ಶ್ವಾಸಮಾರ್ಗ ಎಷ್ಟು ಕಿರಿದಾಗಿದೆ ಎಂಬುದನ್ನು ಬೆರಳಾಗಲಿ ಕಿವಿಯಾಗಲಿ ಅಳೆಯಲಾರದು. ಅದಕ್ಕೆ ಸ್ಪೈರೋಮೆಟ್ರಿ ಬೇಕು. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಎಂಬ ವೈದ್ಯರು ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಇಂಥ ಯಂತ್ರದಿಂದ ಅಳೆದು ಪ್ರಕಟಿಸಿದ್ದರು. ಆಯುರ್ವೇದದವರಿಗೆ ಇದರ ಗೊಡವೆ ಏಕೆ ಎನ್ನುವವರಿದ್ದಾರೆ. ಅಳತೆಗೆ ಪಂಥವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪರೀಕ್ಷೆ ಸರಳ. ಮೂಗಿಗೆ ಕ್ಲಿಪ್ ಹಾಕಿ, ಎದೆತುಂಬ ಉಸಿರೆಳೆದು, ಕೊಳವೆಯೊಳಗೆ ರಭಸದಿಂದ, ಪೂರ್ತಿ ಖಾಲಿಯಾಗುವವರೆಗೆ ಊದಬೇಕು. ಕನಿಷ್ಠ ಮೂರು ಸಲ ಊದಿಸುತ್ತಾರೆ. ಹೊರಬಂದ ಒಟ್ಟು ಗಾಳಿ ಎಫ್.ವಿ.ಸಿ.; ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದು ಎಫ್.ಇ.ವಿ.-1. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಎರಡನೆಯದು ಮೊದಲನೆಯದರ ಶೇ. 70ಕ್ಕಿಂತ ಕಡಿಮೆ ಇದ್ದು, ರೋಗಲಕ್ಷಣಗಳೂ ಇದ್ದರೆ ಸಿ.ಒ.ಪಿ.ಡಿ. ಎಂಬ ನಿಲ್ಲದ ಅಡಚಣೆಯನ್ನು ಶಂಕಿಸುತ್ತಾರೆ. ಔಷಧಿಯ ನಂತರ ಅಂಕಿ ಚೆನ್ನಾಗಿ ಏರಿದರೆ ಆಸ್ತಮಾದ ಕಡೆಗೆ ಬೆರಳು ತೋರಿಸುತ್ತದೆ. ಆಸ್ತಮಾ ಇರುವವರಲ್ಲಿಯೂ ಆರಾಮವಿದ್ದ ದಿನ ಫಲಿತಾಂಶ ಸರಿಯಾಗಿಯೇ ಬರಬಹುದು; ಆದ್ದರಿಂದ ಒಂದು ಕಾಗದ ನೋಡಿ ರೋಗವಿಲ್ಲವೆಂದು ನಿರ್ಧರಿಸಬಾರದು.

ತಾಯಂದಿರಿಗೆ ಒಂದು ಮಾತು. ಸಿ.ಒ.ಪಿ.ಡಿ. ಬೀಡಿ ಸೇದುವವರ ಕಾಯಿಲೆ ಮಾತ್ರವಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರನ್ನು ಕುರಿತು ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ, ಆ ಗುಣಲಬ್ಧ 60 ಮುಟ್ಟಿದಲ್ಲಿ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಗಣನೀಯವೆಂದು ತೋರಿಸಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಸೌದೆ ಒಲೆ ಊದಿದವರು ಅಲ್ಲಿಗೆ ತಲುಪಿದಂತೆಯೇ. ನಮ್ಮಲ್ಲಿ ಅರವತ್ತು ದಾಟಿದ ಎಷ್ಟೋ ತಾಯಂದಿರು ಇದರ ಎರಡರಷ್ಟು ಊದಿದ್ದಾರೆ. ಮಠದ ಮೆಟ್ಟಿಲು ಹತ್ತುವಾಗ ನಿಂತು ಉಸಿರು ತೆಗೆದುಕೊಂಡು, "ವಯಸ್ಸಾಯ್ತಲ್ಲ" ಎಂದು ನಗುತ್ತಾರೆ. ಅದು ವಯಸ್ಸಲ್ಲದೇ ಇರಬಹುದು.

ಆಡುಸೋಗೆ, ಹಿಪ್ಪಲಿಗಳಿಂದ ಕಫ ಸಡಿಲಗೊಂಡು ರೋಗಿಗೆ ಹಿತವೆನಿಸುವುದನ್ನು ನಾವು ಕಂಡಿದ್ದೇವೆ. ಹಿತವೆನಿಸಿತೆಂದು ಇನ್‌ಹೇಲರನ್ನು ತಾವಾಗಿಯೇ ಬಿಡುವುದು ಮಾತ್ರ ಅಪಾಯ. ಪ್ರಾಣಾಯಾಮವೂ ಹಾಗೆಯೇ: ಉಸಿರಾಟದ ಸ್ನಾಯುಗಳಿಗೆ ಬಲ ಬಂದೀತು, ಹಾಳಾದ ಗಾಳಿಗೂಡು ಮರಳಿ ಬಾರದು, ದಮ್ಮು ಹತ್ತಿದಾಗ ಭಸ್ತ್ರಿಕೆ, ಕುಂಭಕ ಸಲ್ಲದು.

ಈಚೆಗೆ ಹೃದಯಾಘಾತವಾದವರು, ಕಣ್ಣಿನ ಶಸ್ತ್ರಚಿಕಿತ್ಸೆಯಾದವರು, ಕೆಮ್ಮಿನಲ್ಲಿ ರಕ್ತ ಕಾಣುವವರು, ಕ್ಷಯದ ಸಂಶಯವಿರುವವರು ಮೊದಲೇ ತಿಳಿಸಬೇಕು. ಹೊಟ್ಟೆತುಂಬ ಉಂಡು ಹೋಗಬಾರದು. ಇನ್‌ಹೇಲರನ್ನು ಅಂದು ಬಳಸಬೇಕೇ ಬೇಡವೇ ಎಂದು ವೈದ್ಯರನ್ನು ಕೇಳಿಕೊಳ್ಳಬೇಕು. ಹಳೆಯ ವರದಿಯಿದ್ದರೆ ತಪ್ಪದೆ ಒಯ್ಯಿರಿ. ಕಳೆದ ವರ್ಷದ ಅಂಕಿಯ ಪಕ್ಕದಲ್ಲಿಟ್ಟಾಗಲೇ ಈ ವರ್ಷದ ಅಂಕಿಗೆ ಅರ್ಥ ಬರುತ್ತದೆ.