ಆತ್ಮರಕ್ಷಣೆಯೂ ಕೋವಿಯೂ



ಫಸಲು ಕೈಗೆ ಬರುವ ಕಾಲ. ರಾತ್ರಿ ಕಾವಲಿಗೆ ಅಟ್ಟಣೆ ಏರಿದ್ದೀರಿ. ಪಕ್ಕದಲ್ಲಿ ಕೋವಿ ಇದೆ. ಜೋಳದ ಸಾಲಿನಲ್ಲಿ ಏನೋ ಅಲುಗಾಡಿತು. ಹಂದಿಯೋ, ಕಳ್ಳನೋ, ನೀರು ತಿರುಗಿಸಲು ಬಂದ ಪಕ್ಕದ ಹೊಲದವನೋ? ಗುಂಡು ಹಾರಿಸಬಹುದೇ? ಇದರ ಉತ್ತರವನ್ನು ಈಗಲೇ ತಿಳಿದಿರಬೇಕು. ಆ ಗಳಿಗೆಯಲ್ಲಿ ಯೋಚಿಸಿದರೆ ತಡವಾಯಿತು.

ತನ್ನ ಮತ್ತು ಪರರ ಜೀವ, ಸ್ವತ್ತುಗಳನ್ನು ರಕ್ಷಿಸುವ ಹಕ್ಕು ಎಲ್ಲರಿಗೂ ಉಂಟು. ಹಿಂದೆ ಇದು 1860ರ ದಂಡ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಆದರೆ ಈ ಹಕ್ಕಿಗೂ ಹೊಲದಂತೆ ಬದು ಉಂಟು.

1. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ.

2. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ಟು ಸಲ್ಲದು. ತೆನೆ ಕದ್ದು ಓಡುವವನ ಬೆನ್ನಿಗೆ ಗುಂಡು ಹೊಡೆಯುವುದು ರಕ್ಷಣೆಯಲ್ಲ.

3. ಎದುರಾಳಿಯ ಪ್ರಾಣ ಹೋದರೂ ಅಪರಾಧವಾಗದ ಸಂದರ್ಭಗಳು ಕೆಲವೇ: ಕೊಲೆ ಅಥವಾ ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ, ಸುಲಿಗೆ, ರಾತ್ರಿ ಕನ್ನ, ವಾಸದ ಮನೆಗೆ ಬೆಂಕಿ ಮೊದಲಾದುವು. ಬರಿಯ ಕಳ್ಳತನವಾಗಲಿ, ಬದುವಿನ ಜಗಳವಾಗಲಿ ಇದರಲ್ಲಿ ಸೇರಿಲ್ಲ.

4. ಆತ್ಮರಕ್ಷಣೆಗಾಗಿಯೇ ಮಾಡಿದೆನೆಂದು ತೋರಿಸುವ ಹೊಣೆ ಗುಂಡು ಹಾರಿಸಿದವನದೇ.

ಕಾಡುಮೃಗದ ವಿಷಯವೇನು? ಮೇಲೆರಗಿದ ಮೃಗವನ್ನು ಪ್ರಾಣ ಉಳಿಸಿಕೊಳ್ಳಲು ಕೊಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವಲ್ಲ. ಬೆಳೆ ಉಳಿಸಲು ಕೊಲ್ಲುವುದಕ್ಕೆ ಈ ರಿಯಾಯಿತಿ ಇಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಳೆ ರಕ್ಷಣೆಗೆ ಕೇಪಿನ ಕೋವಿಯ ಲೈಸೆನ್ಸು ಕೊಡಲು 1959ರ ಆಯುಧ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಕೋವಿಯ ಲೈಸೆನ್ಸು ಬೇಟೆಯ ಅನುಮತಿಯಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. ಮೇಲೆ ಹೇಳಿದ ಮಿತಿಗಳು ಅವರಿಗೂ ಅನ್ವಯಿಸುತ್ತವೆ.

"ಠಾಣೆ ದೂರ, ಕಳ್ಳ ಹತ್ತಿರ, ಕೋವಿ ಬೇಕೇ ಬೇಕು" ಎನ್ನುವರು ಕೆಲವರು. "ಮನೆಯಲ್ಲಿಟ್ಟ ಕೋವಿ ಕುಡಿದವನ ಕೈಗೂ ಮಗುವಿನ ಕೈಗೂ ಸಿಕ್ಕೀತು" ಎನ್ನುವರು ಇನ್ನು ಕೆಲವರು. ಎರಡು ಮಾತೂ ನಿಜ. ಆದ್ದರಿಂದ ಕೋವಿ ಇದ್ದವರು ಮದ್ದು ತೆಗೆದು, ಬೀಗ ಹಾಕಿ ಇಡಿರಿ. ಸದ್ದು ಕೇಳಿದರೆ ಮೊದಲು ಬ್ಯಾಟರಿ ಬಿಡಿರಿ, ಕೂಗಿ ಕೇಳಿರಿ, 112ಕ್ಕೆ ಫೋನು ಮಾಡಿರಿ. ಕಣ್ಣಿಗೆ ಕಾಣದುದರ ಮೇಲೆ ಎಂದಿಗೂ ಗುಂಡು ಹಾರಿಸಬೇಡಿರಿ.

ಹೋದ ತೆನೆ ಮುಂದಿನ ಮಳೆಗೆ ಮತ್ತೆ ಬಂದೀತು. ಹೋದ ಜೀವ ಬಾರದು.