ಬಣ್ಣದ್ದು ಹೊಸದು, ಕಪ್ಪು-ಬಿಳುಪು ಹಳೇದು? ಮೂರು ಚಿತ್ರ ಕಾರ್ಡುಗಳ ಪಾಠ

ಬೋಧನಾಭ್ಯಾಸದ ಮೂರನೇ ವಾರ ಎಂಟನೇ ತರಗತಿಗೆ ನಾನು ಆರಿಸಿಕೊಂಡ ಕಲಿಕಾಂಶ ಇದು: ಕಣ್ಣಿಗೆ ಕಂಡದ್ದು ಯಾವುದು, ಕಂಡದ್ದರಿಂದ ನಾವು ಊಹಿಸಿದ್ದು ಯಾವುದು. ವಿಜ್ಞಾನದ ಪಾಠವೇ, ಆದರೆ ಪಾಠೋಪಕರಣ ಮಾತ್ರ ಬೇರೆ. ಮಾಳಮಡ್ಡಿಯ ನಿವೃತ್ತ ಅಂಚೆ ನೌಕರರೊಬ್ಬರ ಬಳಿ ಬೆಂಗಳೂರಿನ ಹಳೆಯ ಚಿತ್ರ ಕಾರ್ಡುಗಳಿದ್ದವು. ಸರ್ಕಾರದ ಕಚೇರಿ ಕಟ್ಟಡಗಳಿದ್ದ ಮೂರನ್ನು ಕೇಳಿದೆ. "ನೋಡವಾ ತಂಗಿ, ಹುಡುಗರ ಕೈಗೆ ಮೂಲ ಕಾರ್ಡ್ ಕೊಡಬ್ಯಾಡ" ಅಂದರು. ಹಾಗಾಗಿ ಕಲರ್ ಝೆರಾಕ್ಸ್ ಮಾಡಿಸಿದೆ. ತಪ್ಪು ಅಲ್ಲಿಂದಲೇ ಶುರುವಾಯಿತು, ಆಗ ಗೊತ್ತಾಗಲಿಲ್ಲ.

ಒಂದನೇ ಕಾರ್ಡು ಅಠಾರಾ ಕಚೇರಿಯದು, ಬಣ್ಣದ್ದು. ಎರಡನೆಯದು ವಿಧಾನಸೌಧ, ಕಪ್ಪು-ಬಿಳುಪು ಫೋಟೊ ಕಾರ್ಡು. ಮೂರನೆಯದೂ ವಿಧಾನಸೌಧ, ಬಣ್ಣದ್ದು. ಗುಂಪುಗಳಿಗೆ ಕೊಟ್ಟು, ಹಳೆಯದರಿಂದ ಹೊಸದಕ್ಕೆ ಜೋಡಿಸಿ ಎಂದೆ. ಆರೂ ಗುಂಪಿನವರು ಕಪ್ಪು-ಬಿಳುಪನ್ನು ಮೊದಲಿಗೆ ಇಟ್ಟರು. ಕಾರಣ ಕೇಳಿದರೆ, "ಬಣ್ಣ ಆಮ್ಯಾಲೆ ಬಂತಲ್ರಿ ಟೀಚರ್." ಈ ಉತ್ತರ ಬರಲಿ ಎಂದೇ ಕಾಯುತ್ತಿದ್ದೆ.

ಅಠಾರಾ ಕಚೇರಿ ಕಟ್ಟಿದ್ದು 1864ರಿಂದ 1868ರವರೆಗೆ. ಹದಿನೆಂಟು ಇಲಾಖೆಗಳಿಗೆ ಜಾಗವಾಗಲಿ ಎಂದು ಕಟ್ಟಿದ್ದರಿಂದ ಆ ಹೆಸರು. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1951ರ ಜುಲೈ 13ರಂದು, ಕಟ್ಟಡ ಮುಗಿದದ್ದು 1956ರಲ್ಲಿ. ಕಟ್ಟಿಸಿದವರು ಕೆಂಗಲ್ ಹನುಮಂತಯ್ಯನವರು. ಅಠಾರಾ ಕಚೇರಿ ಕಾರ್ಡು ಇಪ್ಪತ್ತನೇ ಶತಮಾನದ ಆರಂಭದ್ದು. ಆಗ ಕ್ಯಾಮೆರಾ ತೆಗೆದದ್ದು ಕಪ್ಪು-ಬಿಳುಪನ್ನೇ. ಬಣ್ಣವನ್ನು ಮುದ್ರಣದವರು ಮೇಲಿಂದ ಹಾಕಿದರು. ಗೋಡೆಯ ಕೆಂಪು ಅಂಚು ದಾಟಿ ಆಕಾಶಕ್ಕೆ ಸೋರಿದೆ, ಗಿಡದ ಮೇಲೆ ಆಕಾಶದ ನೀಲಿ ಬಿದ್ದಿದೆ. ಅಂದಮೇಲೆ ಆ ಬಣ್ಣ ಕ್ಯಾಮೆರಾ ಕಂಡದ್ದಲ್ಲ, ಮುದ್ರಿಸಿದವನ ಊಹೆ. ಹುಡುಗರಿಗೆ ಇದು ಬಹಳ ಹಿಡಿಸಿತು.

ಮುಂದೆ ಭೂತಗನ್ನಡಿ ಹಂಚಿದೆ. ನನ್ನ ಪಾಠಯೋಜನೆಯಲ್ಲಿ ಬರೆದದ್ದು: ಅಚ್ಚಾದ ಎರಡು ಕಾರ್ಡುಗಳಲ್ಲಿ ಚುಕ್ಕಿ ಕಾಣುತ್ತವೆ, ಫೋಟೊ ಕಾಗದದ ಮೇಲಿನ ಎರಡನೇ ಕಾರ್ಡಿನಲ್ಲಿ ಕಾಣುವುದಿಲ್ಲ. ಅದರ ಬೆಳ್ಳಿಯ ಕಣಗಳು ಕೈಗನ್ನಡಿಗೆ ಸಿಗದಷ್ಟು ಸಣ್ಣವು. ಹಿಂದಿನ ಬೆಂಚಿನ ಹುಡುಗಿ ಎದ್ದು, "ಟೀಚರ್, ಮೂರರಾಗೂ ಚುಕ್ಕಿ ಅದಾವ್ರಿ" ಅಂದಳು. ಸರಿಯಾಗಿ ನೋಡು ಎಂದೆ. ಮತ್ತೆ ನೋಡಿ ಅದನ್ನೇ ಹೇಳಿದಳು. ಮೂರನೇ ಸಲ ನಾನೇ ಹೋಗಿ ನೋಡಿದೆ. ಅವಳು ಹೇಳಿದ್ದು ನಿಜ. ನಾವು ನೋಡುತ್ತಿದ್ದದ್ದು ಕಾರ್ಡಿನ ಚುಕ್ಕಿಗಳನ್ನಲ್ಲ, ಝೆರಾಕ್ಸ್ ಯಂತ್ರದ ಚುಕ್ಕಿಗಳನ್ನು.

ಮೇಲ್ವಿಚಾರಕರು ಹಿಂದೆ ಕೂತು ಬರೆದುಕೊಳ್ಳುತ್ತಿದ್ದರು. ಗಂಟೆಗೆ ಇನ್ನೂ ಹದಿನೈದು ನಿಮಿಷ. ತಪ್ಪು ನನ್ನದು ಎಂದು ಹೇಳಿ, ಅವಳ ವಾಕ್ಯವನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಅವಳನ್ನು "ಸರಿಯಾಗಿ ನೋಡು" ಎಂದು ಕೂರಿಸಿದ ಅರ್ಧ ನಿಮಿಷ ಮಾತ್ರ ಇನ್ನೂ ಚುಚ್ಚುತ್ತದೆ. ಕಂಡದ್ದನ್ನು ಹೇಳಿ ಎಂದು ಕಲಿಸುವ ಪಾಠದಲ್ಲಿ ಕಂಡದ್ದನ್ನು ಹೇಳಿದವಳನ್ನೇ ನಾನು ನಂಬಲಿಲ್ಲ.

ಉಳಿದ ಸಮಯಕ್ಕೆ ಕಾರ್ಡುಗಳ ಹಿಂಬದಿ ತೆಗೆದುಕೊಂಡೆವು. ಅಲ್ಲಿರುವುದು ಬರಹ, ಪ್ರತಿ ಮಾಡಿದರೂ ಓದಬಹುದು. ಎರಡನೇ ಕಾರ್ಡಿನ ಅಂಚೆಚೀಟಿಯಲ್ಲಿ ನಯೇ ಪೈಸೆ ಇದೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕಿಂತ ಮೊದಲು ಇದು ಅಂಚೆಗೆ ಬಿದ್ದಿರಲಾರದು. ಚಿತ್ರ ತೆಗೆದದ್ದು ಮಾತ್ರ ಅದಕ್ಕೂ ಮೊದಲು ಇರಬಹುದು. ಮೂರನೆಯದರ ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದೆ, ಅಂದರೆ 1972ರ ಆಗಸ್ಟ್ 15ರ ನಂತರದ್ದು. ಅದರ ಮೇಲೆ 'ಮೈಸೂರು ರಾಜ್ಯ' ಎಂದು ಅಚ್ಚಾಗಿದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಹಾಗಾದರೆ ಆ ನಡುವಿನ ಹದಿನಾಲ್ಕು ತಿಂಗಳಲ್ಲೇ ಕಳಿಸಿದ್ದೇ? ಒಬ್ಬ ಹುಡುಗ ಒಪ್ಪಲಿಲ್ಲ: "ಅಂಗಡ್ಯಾಗ ಹಳೇ ಕಾರ್ಡ್ ಉಳಿದಿರ್ತಾವಲ್ರಿ." ಅವನ ತಂದೆಯದು ಕಿರಾಣಿ ಅಂಗಡಿ.

ಗಂಟೆ ಹೊಡೆಯುವಾಗ ಇನ್ನೊಂದು ಪ್ರಶ್ನೆ ಬಂತು: ಅಡಿಗಲ್ಲು ಹಾಕಿದಾಗ ಧಾರವಾಡದವರು ಹೋಗಿದ್ದರೇ? 1951ರಲ್ಲಿ ಧಾರವಾಡ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ನಮ್ಮ ಸರ್ಕಾರ ಮುಂಬಯಿಯಲ್ಲಿತ್ತು, ಬೆಂಗಳೂರು ಬೇರೆ ರಾಜ್ಯದ ರಾಜಧಾನಿ. 1956ರ ನವೆಂಬರ್ 1ರಂದು ನಾವು ಸೇರುವ ಹೊತ್ತಿಗೆ ಕಟ್ಟಡ ನಿಂತಿತ್ತು. ಇಷ್ಟನ್ನು ನಿಂತುಕೊಂಡೇ ಹೇಳಿದೆ. ಇದಕ್ಕೇ ಒಂದು ತರಗತಿ ಬೇಕಿತ್ತು.

ಮರುದಿನ ಅಂಚೆಯ ಕಾಕಾ ಅವರಿಗೆ ನಡೆದದ್ದನ್ನು ಹೇಳಿದೆ. ನಕ್ಕು, ಎರಡನೇ ಕಾರ್ಡನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ಕೊಟ್ಟರು. ಮಧ್ಯಾಹ್ನದ ಬಿಡುವಿನಲ್ಲಿ ಭೂತಗನ್ನಡಿಯನ್ನು ಮೊದಲು ಆ ಹುಡುಗಿಯ ಕೈಗೇ ಕೊಟ್ಟೆ. ಬಹಳ ಹೊತ್ತು ನೋಡಿದಳು. "ಇದರಾಗ ಇಲ್ರಿ" ಅಂದಳು.