ಉಬ್ಬಸಕ್ಕೆ ಮದ್ದು

ಆಷಾಢದ ಮಳೆ ಹಿಡಿದ ಮೇಲೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಕಡಲಿಗೂ ಘಟ್ಟಕ್ಕೂ ನಡುವಿನ ಈ ಕಿರಿದಾದ ನೆಲದಲ್ಲಿ ಹೊಳೆಗಳು ಕೆಂಪಾಗಿ ತುಂಬಿ ಹರಿಯುತ್ತವೆ. ಗದ್ದೆಗಳಲ್ಲಿ ನಾಟಿಯ ಕೆಲಸ ಭರದಿಂದ ಸಾಗುತ್ತದೆ. ಆದರೆ ಹಂಚಿನ ಮನೆಗಳ ಗೋಡೆಗಳು ತೇವ ಹೀರಿ ಬೂಷ್ಟು ಹಿಡಿಯುತ್ತವೆ. ಹಾಸಿಗೆ ಬಟ್ಟೆಗಳು ಒಣಗುವುದಿಲ್ಲ. ಮುಚ್ಚಿದ ಕಿಟಕಿಗಳ ಒಳಗೆ ಸೌದೆಯ ಒಲೆಯ ಹೊಗೆ ಸುತ್ತುತ್ತದೆ. ಬೇಸಾಯಗಾರನಿಗೆ ಹಿತವಾದ ಈ ಕಾಲ ಉಬ್ಬಸದ ರೋಗಿಗೆ ಕಷ್ಟದ ಕಾಲ.

ಆ ಸೀಮೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹದಿನಾಲ್ಕು ವರ್ಷದ ಹುಡುಗನಿಗೆ ವಾರದಿಂದ ಕೆಮ್ಮು. ಎರಡು ರಾತ್ರಿಗಳಿಂದ ಮಲಗಲಾರದೆ ಕುಳಿತೇ ಬೆಳಗು ಮಾಡಿದ್ದಾನೆ. ಅಜ್ಜಿ ಹಿತ್ತಿಲಿನ ಆಡುಸೋಗೆಯ ಎಲೆಗೆ ಶುಂಠಿ, ಕಾಳುಮೆಣಸು ಸೇರಿಸಿ ಕಷಾಯ ಕಾಯಿಸಿ ಕೊಟ್ಟಿದ್ದಾರೆ. ನೆರೆಯವರೊಬ್ಬರು ಯಾರೋ ಕೊಡುವ ಹೆಸರಿಲ್ಲದ ಪುಡಿಯ ಪೊಟ್ಟಣವನ್ನು ತಂದಿಟ್ಟಿದ್ದಾರೆ. ಮತ್ತೊಬ್ಬರು ಮುಂದಿನ ಮೃಗಶಿರೆಗೆ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿಸಿರೆಂದು ಹೇಳುತ್ತಾರೆ. ವೈದ್ಯರು ಬರೆದುಕೊಟ್ಟ, ಬಾಯಿಂದ ಸೇದುವ ಔಷಧಿ ಮಾತ್ರ ಕಪಾಟಿನಲ್ಲಿಯೇ ಉಳಿದಿದೆ. “ಪಂಪು ಹಿಡಿದರೆ ಜೀವಮಾನವಿಡೀ ಬಿಡುವಂತಿಲ್ಲ” ಎಂಬುದು ತಂದೆಯ ಭಯ. ಎಲ್ಲರೂ ಹುಡುಗನ ಹಿತವನ್ನೇ ಬಯಸುವವರು. ಯಾರ ಮಾತನ್ನು ಕೇಳಬೇಕು?

ಇದನ್ನು ನಿರ್ಧರಿಸಲು ರೋಗದ ಸ್ವರೂಪವನ್ನು ತಿಳಿಯಬೇಕಾಗುತ್ತದೆ. ಉಬ್ಬಸದಲ್ಲಿ ಶ್ವಾಸನಾಳಗಳ ಒಳಪೊರೆ ಉರಿಯೂತದಿಂದ ಬಾತಿರುತ್ತದೆ. ಧೂಳು, ಹೊಗೆ, ಬೂಷ್ಟು, ನೆಗಡಿ ಇವುಗಳಲ್ಲಿ ಯಾವುದಾದರೊಂದು ತಾಕಿದೊಡನೆ ನಾಳದ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಅಂಟಾದ ಕಫ ದಾರಿಯನ್ನು ಇನ್ನಷ್ಟು ಕಿರಿದುಮಾಡುತ್ತದೆ. ಆದುದರಿಂದಲೇ ಔಷಧಿಗಳಲ್ಲಿಯೂ ಎರಡು ಬಗೆ. ಸಾಲ್ಬುಟಮಾಲ್‌ನಂತಹವು ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತವೆ. ಸೇದುವ ಸ್ಟೀರಾಯ್ಡ್ ಒಳಗಿನ ಬಾವನ್ನು ದಿನದಿನವೂ ತಗ್ಗಿಸುತ್ತದೆ. 1970ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಈ ಔಷಧಿಯ ಪ್ರಮಾಣ ಮೈಕ್ರೋಗ್ರಾಮುಗಳ ಲೆಕ್ಕದ್ದು. ಇದು ಚಟ ಹಿಡಿಸುವ ವಸ್ತುವಲ್ಲ. ರೋಗ ಬಹುಕಾಲದ್ದಾದುದರಿಂದ ಮದ್ದೂ ಬಹುಕಾಲ ಬೇಕಾಗುತ್ತದೆ, ಅಷ್ಟೆ. ಆಗಿಂದಾಗ್ಗೆ ಉಪಶಮನದ ಔಷಧಿ ಬೇಕಾಗತೊಡಗಿದರೆ ರೋಗ ಉಲ್ಬಣಿಸುತ್ತಿದೆಯೆಂದೇ ತಿಳಿಯಬೇಕು.

ಹಾಗೆಂದು ಅಜ್ಜಿಯ ತಿಳಿವನ್ನು ಹಳತೆಂದು ತಳ್ಳಿಹಾಕುವಂತಿಲ್ಲ. ಮೋಡ, ಮಳೆ, ತಂಪುಗಳಿಂದ ಈ ರೋಗ ಹೆಚ್ಚುವುದನ್ನೂ, ಮಲಗಿದರೆ ಬಾಧಿಸಿ ಕುಳಿತರೆ ಸುಖವೆನಿಸುವುದನ್ನೂ ಚರಕಸಂಹಿತೆಯು ತಮಕಶ್ವಾಸವೆಂಬ ಹೆಸರಿನಲ್ಲಿ ಬಹು ಹಿಂದೆಯೇ ಗುರುತಿಸಿದೆ. ಉಮ್ಮತ್ತದ ಹೊಗೆಯನ್ನು ಸೇದಿ ಉಬ್ಬಸ ಇಳಿಸಿಕೊಳ್ಳುವ ರೂಢಿ ನಮ್ಮ ದೇಶದಲ್ಲಿತ್ತು. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿಯ ಮೂಲಕ ಅದು ಮದರಾಸಿನಿಂದ ಎಡಿನ್‌ಬರೋ ನಗರಕ್ಕೆ ತಲುಪಿ, ಆ ಶತಮಾನದಲ್ಲಿ ಯುರೋಪಿನಲ್ಲೆಲ್ಲ ಹರಡಿತು. ಆದರೆ ಉಮ್ಮತ್ತ ವಿಷದ ಗಿಡ. ಒಂದು ಗಿಡದಲ್ಲಿರುವಷ್ಟೇ ವಿಷ ಇನ್ನೊಂದರಲ್ಲಿ ಇರುವುದಿಲ್ಲ. ಹೆಚ್ಚಾದರೆ ಬುದ್ಧಿ ಭ್ರಮಿಸುತ್ತದೆ, ಪ್ರಾಣವೂ ಹೋಗಬಹುದು. ಅದೇ ಬಗೆಯ ಸಸ್ಯಸತ್ತ್ವವನ್ನು ರಸಾಯನಶಾಸ್ತ್ರಜ್ಞರು ಮಾರ್ಪಡಿಸಿ, ಅಳತೆಗೆ ತಂದು ಇಪ್ರಟ್ರೋಪಿಯಂ ಎಂಬ ಸೇದುವ ಔಷಧಿಯನ್ನು ಪಡೆದರು. ಆಡುಸೋಗೆಯ ವ್ಯಾಸಿಸಿನ್ ಎಂಬ ಸತ್ತ್ವದ ಜಾಡು ಹಿಡಿದು, ಕಫವನ್ನು ತೆಳುಮಾಡುವ ಬ್ರೋಮ್‌ಹೆಕ್ಸಿನ್ ಸಿದ್ಧವಾಯಿತು.

ರೋಜರ್ ಆಲ್ಟೂನ್ಯನ್ ಎಂಬ ವೈದ್ಯನ ಕಥೆಯಂತೂ ರೋಮಾಂಚಕರವಾದುದು. ಸಿರಿಯ ದೇಶದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಸಂಶೋಧನೆ ನಡೆಸಿದ ಆತ ಸ್ವತಃ ಉಬ್ಬಸದ ರೋಗಿ. ಪೂರ್ವ ಮೆಡಿಟರೇನಿಯನ್ ನಾಡುಗಳ ಜನ ಬಳಸುತ್ತಿದ್ದ ಮೂಲಿಕೆಯೊಂದರ ಸತ್ತ್ವಕ್ಕೆ ಸಂಬಂಧಪಟ್ಟ ಹೊಸ ಹೊಸ ಸಂಯುಕ್ತಗಳನ್ನು ಆತ ತಾನೇ ಸೇದಿ ನೋಡಿದನು. ಗಿನಿಯಿಲಿಯ ರೋಮದಿಂದ ತೆಗೆದ ದ್ರಾವಣವನ್ನು ಬೇಕೆಂದೇ ಸೇದಿ ಉಬ್ಬಸ ಬರಿಸಿಕೊಂಡು, ಯಾವ ಸಂಯುಕ್ತ ಅದನ್ನು ತಡೆಯುತ್ತದೆಂದು ವರ್ಷಗಟ್ಟಲೆ ಅಳೆದನು. 1960ರ ದಶಕದಲ್ಲಿ ಕ್ರೋಮೋಗ್ಲೈಕೇಟ್ ದೊರೆತುದು ಹೀಗೆ. ಮದ್ದು ಎಲ್ಲಿಂದ ಬಂತೆಂಬುದು ಅವನಿಗೆ ಮುಖ್ಯವಾಗಿರಲಿಲ್ಲ. ಅಳತೆಗೆ ನಿಲ್ಲುವುದೇ ಎಂಬುದಷ್ಟೇ ಮುಖ್ಯವಾಗಿತ್ತು.

ಹೈದರಾಬಾದಿನ ಮೀನಿನ ಮದ್ದು ಈ ಅಳತೆಗೆ ಒಳಪಟ್ಟಿಲ್ಲ. ಮೃಗಶಿರೆಯ ಹೊತ್ತಿಗೆ ಎಳೆಯ ಜೀವಂತ ಮೀನಿನ ಬಾಯಲ್ಲಿ ಮದ್ದಿಟ್ಟು ಬತ್ತಿನಿ ಮನೆತನದವರು ಸಹಸ್ರಾರು ಜನರಿಗೆ ನುಂಗಿಸುತ್ತಾರೆ. 1845ರಿಂದ ನಡೆದುಬಂದಿದೆಯೆಂದು ಅವರು ಹೇಳುತ್ತಾರೆ, ಹಣ ಪಡೆಯುವುದಿಲ್ಲ, ಆದರೆ ಮದ್ದಿನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಗುಣವಾಯಿತೆನ್ನುವವರು ಇಲ್ಲದಿಲ್ಲ. ಉಬ್ಬಸವೆಂಬುದು ತಾನಾಗಿಯೇ ಏರಿ ಇಳಿಯುವ ರೋಗ. ಬಾಧೆ ತೀರ ಹೆಚ್ಚಿದಾಗಲೇ ಮನುಷ್ಯ ಹೊಸ ಮದ್ದನ್ನು ಅರಸುತ್ತಾನೆ. ಬಳಿಕ ಅದು ಇಳಿದರೆ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಮದ್ದು ಪಡೆದವರನ್ನೂ ಪಡೆಯದವರನ್ನೂ ಜೊತೆಗಿಟ್ಟು ಹೋಲಿಸದೆ ನಿಜ ತಿಳಿಯದು. ಹೆಸರಿಲ್ಲದ ಪುಡಿಯ ಅಪಾಯ ಬೇರೆಯದು. ಇಂತಹ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಗಿಡಮೂಲಿಕೆಯೆಂದು ನಂಬಿ ತಿಂಗಳುಗಟ್ಟಲೆ ತಿಂದವನ ಮುಖ ಬಾತು, ಮೂಳೆ ಸವೆಯುತ್ತದೆ.

ಮೂರನೆಯ ರಾತ್ರಿ ಹುಡುಗನಿಗೆ ಒಂದು ವಾಕ್ಯವನ್ನು ಪೂರ್ತಿ ನುಡಿಯುವಷ್ಟು ಉಸಿರಿರಲಿಲ್ಲ. ಕೊರಳಿನ ಗುಳಿ ಒಳಸೇದುತ್ತಿತ್ತು. ನಡುರಾತ್ರಿ ಎದೆಯ ಸುಯ್ಯೆಂಬ ಸದ್ದು ಕ್ಷೀಣಿಸಿತು. ಕಡಿಮೆಯಾಯಿತೆಂದು ತಂದೆ ನಿಟ್ಟುಸಿರು ಬಿಟ್ಟರು. ಅಜ್ಜಿ ದೀಪ ಹಿಡಿದು ನೋಡಿ, ತುಟಿ ನೀಲಿಗಟ್ಟಿರುವುದನ್ನು ಕಂಡು, “ಈಗಲೇ ಆಸ್ಪತ್ರೆಗೆ ಹೊರಡಿ” ಎಂದರು. ಗಾಳಿ ಚೆನ್ನಾಗಿ ಆಡತೊಡಗಿದಾಗ ಸದ್ದು ನಿಲ್ಲುವುದುಂಟು. ಗಾಳಿಯೇ ಆಡದಿದ್ದಾಗಲೂ ನಿಲ್ಲುತ್ತದೆ. ಆ ಎರಡನೆಯದು ಸಾವಿನ ನೆರೆ.

ಆಸ್ಪತ್ರೆಯಲ್ಲಿ ಆಮ್ಲಜನಕ, ಹಬೆಯಾಗಿಸಿದ ಸಾಲ್ಬುಟಮಾಲ್ ಹಾಗೂ ಸ್ಟೀರಾಯ್ಡ್ ದೊರೆತು, ಬೆಳಗಾಗುವಷ್ಟರಲ್ಲಿ ಹುಡುಗ ಒರಗಿ ನಿದ್ರಿಸಿದನು. ವೈದ್ಯರು ಪುಡಿಯ ಪೊಟ್ಟಣವನ್ನು ತೆಗೆದಿರಿಸಿಕೊಂಡರು. “ನನ್ನ ಕಷಾಯದಿಂದ ಕೆಡುಕಾಯಿತೇ?” ಎಂದು ಅಜ್ಜಿ ಅಳುಕುತ್ತ ಕೇಳಿದರು.

“ಇಲ್ಲಮ್ಮ, ಕಷಾಯದಿಂದ ಅಲ್ಲ. ಕಷಾಯವನ್ನೇ ನಂಬಿ ಎರಡು ದಿನ ಕಾದುದರಿಂದ” ಎಂದರು ವೈದ್ಯರು.

ಶ್ರಾವಣದಲ್ಲಿಯೂ ಆ ಮನೆಯ ಒಲೆಯ ಮೇಲೆ ಕಷಾಯ ಕಾಯುತ್ತದೆ. ಸೇದುವ ಔಷಧಿ ಕಪಾಟಿನಿಂದ ಹೊರಬಂದು ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಕುಳಿತಿದೆ. ಬೆಳಗ್ಗೆ, ಸಂಜೆ ಅದನ್ನು ಸೇದಿದ ಮೇಲೆ ಹುಡುಗ ಬಾಯಿ ಮುಕ್ಕಳಿಸಬೇಕು; ಮರೆತರೆ ಅಜ್ಜಿ ತಾವೇ ತಂಬಿಗೆಯಲ್ಲಿ ನೀರು ತಂದು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಾರೆ.